ಸೊನ್ನೆ ಬೇರೆ, ಖಾಲಿ ಬೇರೆ: ಅಡಿಕೆ ವಖಾರಿಗೆ ಕೋಡ್ ಬರೆಯುವಾಗ

ಶಿರಸಿಯ ಅಡಿಕೆ ವಖಾರಿಗೆ ತೂಕ-ಬಿಲ್ಲಿನ ಪ್ರೋಗ್ರಾಂ ಬರೆಯುವಾಗ, ಪೈಥಾನ್ ಆಗಲಿ ಜಾವಾಸ್ಕ್ರಿಪ್ಟ್ ಆಗಲಿ, ನೀವು ಹೇಳದ ಎಷ್ಟೋ ವಿಷಯವನ್ನು ತಾನೇ ತೀರ್ಮಾನಿಸಿಬಿಡುತ್ತದೆ. ತೂಕ, ದುಡ್ಡು, ತಾರೀಖು ಮುಟ್ಟುವ ಸಾಲುಗಳಲ್ಲಿ ಆ ತೀರ್ಮಾನವನ್ನು ನೀವೇ ಬಿಡಿಸಿ ಬರೆಯಿರಿ. ಉಳಿದ ಕಡೆ ಭಾಷೆಯ ಸೌಕರ್ಯ ಬಳಸಲು ಅಡ್ಡಿಯಿಲ್ಲ. ಫೈಲನ್ನು ತಾನಾಗಿ ಮುಚ್ಚುವ ಪೈಥಾನಿನ ‘ವಿತ್’ ಬಿಟ್ಟು ಕೈಯಾರೆ ಮುಚ್ಚುತ್ತ ಕೂರುವುದು ದಂಡ.

ಫಾರಂನಿಂದ ಬರುವುದೆಲ್ಲ ಅಕ್ಷರವೇ. ಅದನ್ನು ಒಳಗೆ ಬಿಡುವ ಮೊದಲೇ ಅಂಕಿ ಮಾಡಿ, ಖಾಲಿ ಬಿಟ್ಟಿದ್ದರೆ ‘ನನ್’ (None, ‘ಏನೂ ಇಲ್ಲ’ ಎನ್ನುವ ಪೈಥಾನಿನ ಗುರುತು) ಮಾಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರರೂಪದ "52"ಕ್ಕೆ 3 ಕೂಡಿಸಿದರೆ 523. ಅದರಿಂದಲೇ 3 ಕಳೆದರೆ ಮಾತ್ರ ಸರಿಯಾಗಿ 49.

ಇನ್ನು ಚೀಲದ ಕಡಿತ, ಅಂದರೆ ತೂಕದಿಂದ ಚೀಲಕ್ಕೆಂದು ಕಳೆಯುವ ಪಾಲು. ಗುಮಾಸ್ತರು ಏನೂ ತುಂಬದಿದ್ದರೆ ಚೀಲಕ್ಕೆ 1 ಕೆಜಿ ಹಿಡಿಯಬೇಕು ಎಂದಿಟ್ಟುಕೊಳ್ಳಿ. ಪೈಥಾನಿನಲ್ಲಿ ಥಟ್ಟನೆ ಹೊಳೆಯುವ ಸಾಲು: ‘ಕಡಿತ = ಕಡಿತ ಆರ್ 1’. ಓದಲು ಚಂದ. ‘ಆರ್’ (or) ಎಡಗಡೆಯದು ಸುಳ್ಳಾದರೆ ಬಲಗಡೆಯದನ್ನು ಹಿಡಿಯುತ್ತದೆ. ಆದರೆ ಅದಕ್ಕೆ ಸೊನ್ನೆಯೂ ಸುಳ್ಳೇ, ನನ್ ಕೂಡ ಸುಳ್ಳೇ. ಬೇಕೆಂದೇ 0 ಒತ್ತಿದರೂ ಅದು 1 ಆಗುತ್ತದೆ. 40 ಚೀಲದ ಲಾಟಿನಲ್ಲಿ 40 ಕೆಜಿ ಮಾಯ. ದರ ಕ್ವಿಂಟಲಿಗೆ 45,000 ರೂಪಾಯಿ ಇದ್ದರೆ ಬೆಳೆಗಾರರಿಗೆ 18,000 ಖೋತಾ. ಎರರ್ ಬರುವುದಿಲ್ಲ, ಬಿಲ್ಲು ನೀಟಾಗಿ ಪ್ರಿಂಟ್ ಆಗುತ್ತದೆ. ‘ಇಫ್ ಕಡಿತ ಈಸ್ ನನ್’ ಎಂದೇ ಕೇಳಿ. ಸಾಲೊಂದು ಹೆಚ್ಚಾದರೆ ಆಗಲಿ. ಆ 1ಕ್ಕೂ ‘ರೂಢಿ_ಚೀಲ_ಕಡಿತ_ಕೆಜಿ’ ಎಂಬಂಥ ಹೆಸರಿಡಿ, ಮುಂದೆ ಬದಲಿಸುವವರು ಹುಡುಕುವುದು ಅದನ್ನೇ. (ಪೈಥಾನ್ 3 ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತದೆ. ಅರ್ಧಾಕ್ಷರ ಬಿಡಿಸಿ ತೋರಿಸಲು ಕೀಬೋರ್ಡ್ ಸೇರಿಸುವ ಕಾಣದ ಚಿಹ್ನೆ ಮಾತ್ರ ಹೆಸರಿನಲ್ಲಿ ಇರಕೂಡದು.)

ಟೆಂಡರಿನಲ್ಲಿ ಹೆಚ್ಚಿನ ದರ ಆರಿಸುವ ಜಾಗ ಇನ್ನೂ ಮೋಸದ್ದು. ಜಾವಾಸ್ಕ್ರಿಪ್ಟಿನ ‘ಸಾರ್ಟ್’ಗೆ ಹೋಲಿಸುವ ಫಂಕ್ಷನ್ ಕೊಡದಿದ್ದರೆ ಅಂಕಿಗಳನ್ನೂ ಅಕ್ಷರದಂತೆ ಜೋಡಿಸುತ್ತದೆ. ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರಗಳು 5 ಅಂಕಿಯಲ್ಲೇ ಇರುವಷ್ಟು ದಿನ ಉತ್ತರ ಸರಿಯೇ, ಹಾಗಾಗಿ ಯಾರಿಗೂ ಗುಮಾನಿ ಬರುವುದಿಲ್ಲ. ಕೊಳೆ ಹಿಡಿದ ಲಾಟಿಗೆ 9,950 ಮತ್ತು 10,100 ಎರಡೂ ಬಂದ ದಿನ ಪಟ್ಟಿಯ ಕೊನೆಗೆ 9,950 ಕೂರುತ್ತದೆ. ಕೊನೆಯದೇ ಹೆಚ್ಚಿನದೆಂದು ಎತ್ತಿಕೊಂಡರೆ ಲಾಟು ಕಡಿಮೆ ಕೂಗಿದವರ ಪಾಲು. ಒಂದೇ ದರ ಬೇಕಿದ್ದರೆ ‘ಮ್ಯಾತ್.ಮ್ಯಾಕ್ಸ್’ ಸಾಕು. ಪಟ್ಟಿಯೇ ಬೇಕಿದ್ದರೆ ‘ಎ − ಬಿ’ ಮರಳಿಸುವ ಫಂಕ್ಷನ್ ಕೊಡಿ.

ಪೈಥಾನಿನಲ್ಲಿ ‘ರೌಂಡ್(2.5)’ ಅಂದರೆ 2, ‘ರೌಂಡ್(3.5)’ ಅಂದರೆ 4: ಅರ್ಧ ಬಂದಾಗ ಸಮಸಂಖ್ಯೆಯತ್ತ ವಾಲುತ್ತದೆ. ಹಮಾಲಿ ಲೆಕ್ಕದಲ್ಲಿ ಅರ್ಧಕ್ಕೆ ಮೇಲೇರಿಸಬೇಕಿದ್ದರೆ ಪೈಥಾನಿನ ದಶಾಂಶ ಲೆಕ್ಕದ ಸಲಕರಣೆ ‘ಡೆಸಿಮಲ್’ ಜೊತೆ ‘ರೌಂಡ್_ಹಾಫ್_ಅಪ್’ ಎಂದು ಬರೆಯಿರಿ, ಅದಕ್ಕೆ ಅಂಕಿಯನ್ನು "0.1" ಎಂದು ಅಕ್ಷರವಾಗಿಯೇ ಕೊಡಿ, ಬರೀ 0.1 ಕೊಟ್ಟರೆ ಕಂಪ್ಯೂಟರು ಒಳಗೆ ಇಟ್ಟುಕೊಂಡ ಅಂದಾಜು ದಶಾಂಶದ ಉದ್ದ ಬಾಲ ಅಂಟಿಕೊಂಡೇ ಬರುತ್ತದೆ.

ತಾರೀಖು: ‘05/06/2025’ನ್ನು ಜಾವಾಸ್ಕ್ರಿಪ್ಟ್ ಮೇ 6 ಎಂದು ಓದುತ್ತದೆ. ದಿನ, ತಿಂಗಳು, ವರ್ಷಕ್ಕೆ ಮೂರು ಬೇರೆ ಚೌಕ ಇಡಿ.

ಒಪ್ಪಿಸುವ ಮುಂಚೆ ಕಡಿತ 0 ಇರುವ ಲಾಟು, ಕಡಿತ ಖಾಲಿ ಇರುವ ಲಾಟು, 4 ಮತ್ತು 5 ಅಂಕಿಯ ದರ ಬೆರೆತ ಟೆಂಡರು, ಅರ್ಧ ರೂಪಾಯಿಯ ಹಮಾಲಿ, ಇಷ್ಟಕ್ಕೂ ಟೆಸ್ಟ್ ಬರೆಯಿರಿ. ಟೆಸ್ಟಿನ ಉತ್ತರವನ್ನು ಪ್ರೋಗ್ರಾಂನಿಂದಲೇ ನಕಲು ಮಾಡಬೇಡಿ, ಗುಮಾಸ್ತರು ಕ್ಯಾಲ್ಕುಲೇಟರಿನಲ್ಲಿ ತೆಗೆದ ಅಂಕಿಯನ್ನೇ ಹಾಕಿ.