ನೋವಿನ ಜೊತೆ ದಿನದ ಟೆನ್ಶನ್: ನಾನು ಹೇಗೆ ನಿಭಾಯಿಸುತ್ತೇನೆ

"ಟೆನ್ಶನ್ ಮಾಡ್ಕೋಬೇಡಿ." ಫೈಬ್ರೊಮಯಾಲ್ಜಿಯಾ ಎಂಬ ಮೈನೋವಿನ ಕಾಯಿಲೆ ಇರುವ ನನ್ನಂಥವರಿಗೆ ಎಲ್ಲರೂ ಹೇಳುವ ಮಾತಿದು. ಮಾಡಿಕೊಳ್ಳದೆ ಇರುವುದು ಹೇಗೆ ಅಂತ ಹೇಳುವವರು ಕಡಿಮೆ. ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಅತ್ತೆ, ಗಂಡ, ಮಕ್ಕಳು ಇದ್ದಾರೆ. ನನಗೆ ಉಪಯೋಗವಾದದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೈಯೆಲ್ಲಾ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು, ಗೊತ್ತಿರುವ ಹೆಸರೂ ಬಾಯಿಗೆ ಬಾರದ ಹಾಗೆ ತಲೆ ಮಂಕು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. ಮೊದಲೆಲ್ಲ ಮೈಯ 18 ಜಾಗ ಒತ್ತಿ ನೋಡಿ, ಕನಿಷ್ಠ 11ರಲ್ಲಿ ನೋವಿದೆಯಾ ಎಂದು ಲೆಕ್ಕ ಹಾಕುತ್ತಿದ್ದರು. 2010ರಲ್ಲಿ ಬಂದ ಹೊಸ ಮಾನದಂಡ ಆ ಲೆಕ್ಕವನ್ನು ಬಿಟ್ಟಿತು. ಈಗ ನೋವು ಎಲ್ಲೆಲ್ಲಿ, ನಿದ್ದೆ ಹೇಗೆ, ಸುಸ್ತು ಎಷ್ಟು ಎಂದು ಕೇಳುತ್ತಾರೆ. ನನ್ನ ಡಾಕ್ಟರ್ ವಿವರಿಸಿದ್ದು ಹೀಗೆ: ಮಿದುಳು ಮತ್ತು ನರಗಳು ನೋವನ್ನು ರೇಡಿಯೋ ವಾಲ್ಯೂಮ್ ಏರಿಸಿದ ಹಾಗೆ ದೊಡ್ಡದು ಮಾಡುತ್ತವೆ. ನೋವು ನಿಜವೇ. ಟೆನ್ಶನ್ ಅದನ್ನು ಇನ್ನಷ್ಟು ಏರಿಸುತ್ತದೆ.

ನನ್ನ ಮೈಯನ್ನು ಹಿಂಡುವುದು ದೊಡ್ಡ ಕಷ್ಟಗಳಲ್ಲ. ಅತ್ತೆಯ ಆಪರೇಷನ್ ಹೊತ್ತಿಗೆ ನಾನು ಗಟ್ಟಿಯಾಗಿಯೇ ಇದ್ದೆ. ಆದರೆ ಕಲ್ಸಂಕದಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು, ಕೌಂಟರ್ ತೆರೆಯುವಷ್ಟರಲ್ಲಿ ಮುಟ್ಟುತ್ತೇನಾ ಎಂಬ ಚಡಪಡಿಕೆ ಇದೆಯಲ್ಲ, ಸಂಜೆಗೆ ಅದು ಹೆಗಲಿಗೆ ಇಳಿದಿರುತ್ತದೆ. ಹಾಗಾಗಿ ಒಂದು ಬಸ್ಸು ಮುಂಚೆ ಹೊರಡುತ್ತೇನೆ.

ಅದಕ್ಕೆ ಬೆಳಗಿನ ಅಡುಗೆ ಹಗುರ ಆಗಬೇಕಿತ್ತು. ಕೆಲಸದ ದಿನ ನೀರುದೋಸೆ ಇಲ್ಲ, ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ನನಗೆ ಅತಿ ಕಷ್ಟದ ಕೆಲಸ ಕಾಯಿ ತುರಿಯುವುದು. ತುರಿಮಣೆಯ ಮೇಲೆ ಬಾಗಿ ಕೂತು ಮಣಿಕಟ್ಟು ತಿರುಗಿಸುತ್ತಾ ಇದ್ದರೆ, ಅರ್ಧ ಕಾಯಿ ಮುಗಿಯುವ ಮೊದಲೇ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಉರಿ ಹತ್ತುತ್ತದೆ. ಈಗ ರಾತ್ರಿ ಊಟ ಆದ ಮೇಲೆ ಗಂಡ ತುರಿದು ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಡುತ್ತಾರೆ.

ಕೌಂಟರಿನಲ್ಲಿ ತಿಂಗಳ ಮೊದಲ ವಾರ ತುಂಬಾ ರಶ್. ಆಗ ಮೈ ಸಡಿಲ ಮಾಡಲು ನನಗೆ ನೆನಪಿಸುವುದು ನೋಟು ಎಣಿಸುವ ಮೆಷಿನ್. ಕಟ್ಟು ಅದರಲ್ಲಿ ಇಟ್ಟ ಕೂಡಲೇ ಕಿವಿಯ ಹತ್ತಿರ ಏರಿರುವ ಹೆಗಲು ಇಳಿಸುತ್ತೇನೆ. ಕಚ್ಚಿಕೊಂಡ ಹಲ್ಲು ಸಡಿಲ ಮಾಡುತ್ತೇನೆ, ಪೆನ್ನಿನ ಹಿಡಿತ ಬಿಡುತ್ತೇನೆ. ಒಳಗೆ ಎಳೆದದ್ದಕ್ಕಿಂತ ಉದ್ದವಾಗಿ ಉಸಿರು ಹೊರಗೆ ಬಿಡುತ್ತೇನೆ. ಮೆಷಿನ್ ನಿಲ್ಲುವಷ್ಟರಲ್ಲಿ ಇಷ್ಟೂ ಆಗುತ್ತದೆ. ಎದುರಿಗೆ ನಿಂತವರಿಗೆ ಗೊತ್ತೂ ಆಗುವುದಿಲ್ಲ. ಇಡೀ ದಿನದಲ್ಲಿ ನಾನು ಬಿಡದೆ ಮಾಡುವ ಕೆಲಸ ಇದೊಂದೇ.

ನೋವು ಕಡಿಮೆ ಇರುವ ದಿನ ಜಾಸ್ತಿ ಎಚ್ಚರ ಬೇಕು. ಇವತ್ತು ಮೈ ಹಗುರ ಇದೆ ಅಂತ ಅಟ್ಟದಿಂದ ಅಂಗಳದವರೆಗೆ ಗುಡಿಸಿದರೆ ಮಾರನೇ ದಿನ ಹಾಸಿಗೆಯೇ ಗತಿ. ಒಂದು ಕೋಣೆ ಆದ ಮೇಲೆ ಇನ್ನೂ ಶಕ್ತಿ ಇರುವಾಗಲೇ ಪೊರಕೆ ಇಡುತ್ತೇನೆ.

ಮನೆಯವರ ಜೊತೆ ಒಂದು ಒಪ್ಪಂದ ಉಂಟು. ಬೆಳಿಗ್ಗೆಯೇ ಹೇಳಿಬಿಡುವುದು. "ಅತ್ತೆ, ಇವತ್ತು ನನ್ನಿಂದ ಅರ್ಧ ಕೆಲಸ ಅಷ್ಟೇ ಆಗುವುದು." "ಆಯ್ತು, ಗಂಜಿ ನಾನು ಇಡ್ತೇನೆ, ನೀನು ಕೂತ್ಕೋ." ಮೊದಲು ಮುಖ ಸಪ್ಪೆ ಮಾಡಿಕೊಂಡು ಓಡಾಡಿದರೆ, ಸಿಟ್ಟು ಬಂದಿದೆಯಾ ಅಂತ ಅವರಿಗೆ ಚಿಂತೆ. ಈಗ ಆ ಗೊಂದಲ ಇಲ್ಲ.

ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯ ಉತ್ಸವದ ಹೊತ್ತಿಗೂ ಇದೇ ಒಪ್ಪಂದ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಮನೆ ತುಂಬಾ ನೆಂಟರು. ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವುದು ಬೆಳಗಿನ ಜಾವ. ರಾತ್ರಿಯೆಲ್ಲ ನಿದ್ದೆಗೆಟ್ಟರೆ ನನಗೆ ನೋವು ಖಂಡಿತ. ನೆಂಟರನ್ನು ಮೆರವಣಿಗೆಗೆ ಕಳಿಸಿ ನಾನು ಮಲಗಿ, ಹಗಲು ಮಠಕ್ಕೆ ಹೋಗಿ ದರ್ಶನ ಮಾಡಿ ಬಂದೆ. ಕೃಷ್ಣನನ್ನು ಕಂಡ ಖುಷಿ ಒಂದಿಷ್ಟೂ ಕಡಿಮೆ ಆಗಲಿಲ್ಲ.

ನಡಿಗೆಯ ಬಗ್ಗೆ ಹೇಳಲೇಬೇಕು. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಬಲವಾಗಿ ಸೂಚಿಸಿದ್ದು ವ್ಯಾಯಾಮ ಒಂದನ್ನೇ. ನಾನು ಅಜ್ಜರಕಾಡಿನಲ್ಲಿ ಐದು ನಿಮಿಷದಿಂದ ಶುರು ಮಾಡಿ, ಮೈ ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪ ಏರಿಸಿದೆ. ಜೂನ್ ಬಂದು ಮಳೆ ಹಿಡಿದರೆ ಮನೆಯ ಜಗಲಿಯಲ್ಲೇ ಆಚೆ ಈಚೆ. ನೋವಿನ ದಿನ ದೂರ ಕಡಿಮೆ ಮಾಡುತ್ತೇನೆ, ಪೂರ್ತಿ ಬಿಡುವುದಿಲ್ಲ.

ರಾತ್ರಿಗೆ ಡಾಕ್ಟರ್ ಕೊಟ್ಟ ಮಾತ್ರೆ ಇದೆ, ಅವರನ್ನು ಕೇಳದೆ ಅದನ್ನು ನಿಲ್ಲಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ನೋವಿನ ಗುಳಿಗೆ ಈ ಕಾಯಿಲೆಗೆ ಅಷ್ಟಾಗಿ ನಾಟುವುದಿಲ್ಲ, ಸುಮ್ನೆ ನುಂಗುತ್ತಾ ಹೋಗಬೇಡಿ. ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ, ಯಾವುದೂ ಬೇಡ ಅನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೋವಿನ ಜೊತೆ ಅದಕ್ಕೂ ಚಿಕಿತ್ಸೆ ಕೊಡುತ್ತಾರೆ.