ಲಂಕೆಯ ಲೆಕ್ಕ, ನಮ್ಮ ಅಟ್ಟದ ಮೆಣಸು

2022ರ ಮೇ ತಿಂಗಳಲ್ಲಿ ನಮ್ಮ ಅಟ್ಟದಲ್ಲಿದ್ದ ನಾಲ್ಕು ಗೋಣಿ ಕಾಳುಮೆಣಸನ್ನು ಒಂದೇ ದಿನ ಜೀಪಿಗೆ ಹೇರಿ ಬದಿಯಡ್ಕದಲ್ಲಿ ಮಾರಿಬಿಟ್ಟೆ. ಹೆದರಿಸಿದ್ದು ಶ್ರೀಲಂಕಾದ ರೂಪಾಯಿ. ಮಾರ್ಚ್ ಆರಂಭದಲ್ಲಿ ಡಾಲರಿಗೆ ಸುಮಾರು 200 ಇದ್ದದ್ದು ಮೇ ಹೊತ್ತಿಗೆ 360ರ ಆಸುಪಾಸಿಗೆ ಬಂದಿತ್ತು. ಅವರ ದುಡ್ಡು ಸೋವಿಯಾದರೆ ಅವರ ಮೆಣಸೂ ಸೋವಿಯಾಗಿ ಇಲ್ಲಿಗೆ ನುಗ್ಗುತ್ತದೆ ಎಂದು ನಾನು ಎಣಿಸಿದ್ದೆ.

ಹಾಗೇನೂ ಆಗಲಿಲ್ಲ. ಮೆಣಸಿನ ರಫ್ತು ನಡೆಯುವುದು ಡಾಲರಿನಲ್ಲಿ. ರೂಪಾಯಿ ಬಿದ್ದಾಗ ಅಲ್ಲಿನ ವ್ಯಾಪಾರಿಗೆ ಅದೇ ಡಾಲರಿಗೆ ಹೆಚ್ಚು ರೂಪಾಯಿ ಸಿಗುತ್ತದೆಯೇ ಹೊರತು, ಡಾಲರಿನ ದರವನ್ನು ಅವನು ಇಳಿಸಲೇಬೇಕೆಂದಿಲ್ಲ. ಮೇಲಾಗಿ, ಕೆ.ಜಿ.ಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಬಾರದೆಂದು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲೇ ಬೇಲಿ ಹಾಕಿತ್ತು. ವಿಯೆಟ್ನಾಮಿನ ಮೆಣಸು ಲಂಕೆಯ ಹೆಸರು ಹೊತ್ತು ಬರುತ್ತಿದೆ ಎಂಬ ದೂರು ಆಗ ಜೋರಾಗಿತ್ತು. ಈ ಬೇಲಿ ನನಗೆ ಗೊತ್ತಿರದ್ದೇನಲ್ಲ, ಗಾಬರಿಯಲ್ಲಿ ಮರೆತಿದ್ದೆ. 2023ರ ಮಳೆಗಾಲದಲ್ಲಿ ನಮ್ಮಲ್ಲಿ ಮೆಣಸು ಆರುನೂರು ದಾಟಿದಾಗ ಅಟ್ಟ ಖಾಲಿ.

ಹಲವು ವರ್ಷ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವನು ನಾನು. ಪತ್ರಿಕೆಯ ತಲೆಬರಹ ನೋಡಿ ಮೋಸಹೋದೆನಲ್ಲ ಎಂಬ ನಾಚಿಕೆಗೆ ಒಂದು ಹಳೆಯ ಡೈರಿಯಲ್ಲಿ ಲಂಕೆಯದೇ ಖಾತೆ ತೆರೆದೆ. ಅಲ್ಲಿನ ಅಂಕಿಅಂಶ ಇಲಾಖೆ ತಿಂಗಳ ಕೊನೆಯಲ್ಲಿ ಕೊಲಂಬೊದ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ, ಮೊಬೈಲಿನಲ್ಲೇ ಸಿಗುತ್ತದೆ. ಹಣದುಬ್ಬರದ, ಅಂದರೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಬೆಲೆ ಎಷ್ಟು ಏರಿತೆಂಬುದರ, ಶೇಕಡಾವಾರು ಒಂದು ಕಾಲಮು. ಪಕ್ಕದಲ್ಲಿ ನಾನೇ ಹಾಕಿಕೊಳ್ಳುವ ಇನ್ನೊಂದು ಕಾಲಮು: 2021ರ ಸೆಪ್ಟೆಂಬರಿನಲ್ಲಿ ನೂರು ರೂಪಾಯಿಗೆ ಬಂದ ಸಾಮಾನಿಗೆ ಈಗ ಎಷ್ಟು?

ಈ ಎರಡನೆಯ ಕಾಲಮಿಲ್ಲದಿದ್ದರೆ ನಾನು ಮತ್ತೆ ಹೊಂಡಕ್ಕೆ ಬೀಳುತ್ತಿದ್ದೆ. 2022ರ ಸೆಪ್ಟೆಂಬರಿನಲ್ಲಿ ಹಣದುಬ್ಬರ 69.8 ಶೇಕಡಾ, ಮರುವರ್ಷ ಅದೇ ತಿಂಗಳು 1.3. ನೆರೆಮನೆಯ ಭಾವ ಜಗಲಿಯಲ್ಲಿ ಕುಳಿತು, "ಲಂಕೆಯಲ್ಲಿ ಬೆಲೆಯೆಲ್ಲ ಇಳಿದು ಹೋಯಿತಂತೆ ಭಾವ" ಎಂದರು. ಡೈರಿಯನ್ನು ಅವರ ಮುಂದೆ ಹಿಡಿದೆ. ನೂರರ ಸಾಮಾನು ಮೊದಲ ವರ್ಷ 170ರ ಹತ್ತಿರ, ಎರಡನೆಯ ವರ್ಷ 172. ಇಳಿದದ್ದು ಏರುವ ವೇಗ, ಬೆಲೆಯಲ್ಲ. (ನಡುವೆ ಸೂಚ್ಯಂಕದ ಆಧಾರ ವರ್ಷವನ್ನು 2013ರಿಂದ 2021ಕ್ಕೆ ಬದಲಿಸಿದ್ದಾರೆ, ಹಾಗಾಗಿ ನನ್ನದು ಅಂದಾಜಿನ ಲೆಕ್ಕ. ಪೈಸೆ ಪೈಸೆ ಕೂಡಬೇಕೆಂಬ ಹಳೆಯ ಚಾಳಿಯನ್ನು ಇಲ್ಲಿ ಬಿಡಬೇಕಾಯಿತು.)

ದೇಶದ ಒಟ್ಟು ಉತ್ಪನ್ನಕ್ಕೂ (ಜಿಡಿಪಿ) ಅದೇ ಮದ್ದು. 2022ರಲ್ಲಿ 7.3 ಶೇಕಡಾ ಕುಸಿತ, 2023ರಲ್ಲಿ ಇನ್ನೂ 2.3, 2024ರಲ್ಲಿ 5 ಶೇಕಡಾ ಏರಿಕೆ. ಐದು ಎಂದರೆ ಕಿವಿಗೆ ಹಿತ. 2021ರದ್ದನ್ನು ನೂರೆಂದು ಹಿಡಿದು ಬಂದರೆ ಮಾತ್ರ 2024ರಲ್ಲೂ 95.

ನನಗೆ ಅತ್ಯಂತ ರುಚಿಸಿದ್ದು ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದ ಲೆಕ್ಕ. 2021ರಲ್ಲಿ ಸುಮಾರು 550 ಕೋಟಿ ಡಾಲರ್ ಬಂದಿದ್ದ ದೇಶಕ್ಕೆ 2022ರಲ್ಲಿ ಬಂದದ್ದು 380 ಕೋಟಿ. ಅದೇ ವರ್ಷ ಕೆಲಸ ಹುಡುಕಿ ಹೊರಟವರು ಮೂರು ಲಕ್ಷಕ್ಕೂ ಮಿಕ್ಕಿ. ಹೋದವರು ಹೆಚ್ಚು, ಬಂದ ಹಣ ಕಡಿಮೆ! ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಳಲ್‌ಪಣಂ, ಅಂದರೆ ಬ್ಯಾಂಕು ತಪ್ಪಿಸಿ ಕೈಯಿಂದ ಕೈಗೆ ಬರುವ ಹವಾಲಾ ಹಣ, ಎಂದರೆ ಸಾಕು. 2022ರ ಮಾರ್ಚ್‌ವರೆಗೆ ಅಲ್ಲಿನ ಕೇಂದ್ರ ಬ್ಯಾಂಕು ಡಾಲರನ್ನು 200ರ ಬಳಿ ಕಟ್ಟಿಹಾಕಿತ್ತು, ಕಳ್ಳದಾರಿಯಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಆ ರೂಢಿ ಒಂದೇ ದಿನಕ್ಕೆ ಬಿಡುವಂಥದ್ದೇ? ಹಣ ಮನೆ ಸೇರುತ್ತಲೇ ಇತ್ತು, ಬ್ಯಾಂಕಿನ ಪುಸ್ತಕಕ್ಕೆ ಸೇರುತ್ತಿರಲಿಲ್ಲ. 2023ರಲ್ಲಿ ಲೆಕ್ಕ ಮತ್ತೆ 600 ಕೋಟಿ ಡಾಲರಿನ ಹತ್ತಿರಕ್ಕೆ ಬಂದಾಗ, ಎಲ್ಲರ ಸಂಬಳ ಒಮ್ಮೆಲೇ ಏರಿತೆಂದು ನಾನು ನಂಬಲಿಲ್ಲ. ಹೊಸದಾಗಿ ಹೋದವರ ದುಡಿಮೆಯೂ ಅದರಲ್ಲಿ ಇದ್ದೀತು, ಆದರೆ ದೊಡ್ಡ ಪಾಲು ದಾರಿ ಬದಲಿಸಿದ ಹಣವೇ ಎಂಬುದು ನನ್ನ ಎಣಿಕೆ.

2024ರ ಸೆಪ್ಟೆಂಬರಿನಲ್ಲಿ ಹಣದುಬ್ಬರ ಸೊನ್ನೆಗಿಂತ ಕೆಳಗಿಳಿದು ಮೈನಸ್ 0.5 ಆಯಿತು. ಈ ಸಲ ನಿಜಕ್ಕೂ ಬೆಲೆ ಇಳಿದಿದೆ ಎಂದು ಭಾವನಿಗೆ ಹೇಳಿದೆ. ಅವರು ಡೈರಿ ಕೇಳಿ ಪಡೆದು, ಕನ್ನಡಕ ಹಾಕಿಕೊಂಡು, ಬೆರಳಿನಲ್ಲೇ ಲೆಕ್ಕ ಹಾಕಿದರು.

"ಇನ್ನೂ 171 ಉಂಟಲ್ಲ" ಎಂದರು. ಆಮೇಲೆ ಅಟ್ಟದ ಕಡೆ ನೋಡಿ, "ಆವತ್ತು ಆ ನಾಲ್ಕು ಗೋಣಿ ಎಷ್ಟಕ್ಕೆ ಕೊಟ್ಟದ್ದು ಭಾವ?"