ಬೋಳು ಪುಟ ಎಂದವರಿಗೆ

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗದ ಲೇಖನವನ್ನು ಹೊಸ ರೂಪದಲ್ಲಿ ತೋರಿಸಿದ ದಿನ ಬೆಳೆಗಾರರ ಸಂಘದ ಕಾರ್ಯದರ್ಶಿಗಳು ಮೂಗು ಮುರಿದಿದ್ದರು. "ಇದೇನು ಮಾರಾಯರೇ, ಬೋಳುಗುಡ್ಡದ ಹಾಗಿದೆ. ಬಣ್ಣ ಇಲ್ಲ, ಚೌಕಟ್ಟು ಇಲ್ಲ. ಇದಕ್ಕೆ ದುಡ್ಡು ಬೇರೆ ಕೊಡಬೇಕೇ?" ಎರಡು ಮಳೆಗಾಲ ಕಳೆದ ಮೇಲೆ ಅವರೇ "ಉಳಿದದ್ದನ್ನೂ ಹಾಗೆಯೇ ಮಾಡಿಬಿಡಿ" ಎಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಗರ ಕಡೆಯ ಅಡಿಕೆ ಬೆಳೆಗಾರರಿಗಾಗಿ ಮಾಡಿದ ನಾಲೆಡ್ಜ್ ಬೇಸ್ ಅದು, ಅಂದರೆ ಅವರ ಪ್ರಶ್ನೆಗಳಿಗೆ ಉತ್ತರ ಹೇಳುವ ಲೇಖನಗಳ ಜಾಲತಾಣ. ಸುಮಾರು 140 ಲೇಖನ, ಜೋಡಿಸಿಕೊಟ್ಟರೆ ನನಗೆ ತಲಾ 150 ರೂಪಾಯಿ. ಅರ್ಧಕ್ಕಿಂತ ಹೆಚ್ಚು ಹಳೆಯ ನುಡಿ ತಂತ್ರಾಂಶದ ಅಕ್ಷರದ ವರ್ಡ್ ಕಡತಗಳು. ಯುನಿಕೋಡ್‌ಗೆ ತಿರುಗಿಸಿ, ಎಡಿಟರ್‌ನಲ್ಲಿ ಅಂಟಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ವರ್ಡ್‌ನ ಫಾಂಟು, ಗಾತ್ರ, ಸಾಲಿನ ಅಂತರ ಎಲ್ಲವೂ ಇಂಬಳದ ಹಾಗೆ ಕಚ್ಚಿಕೊಂಡೇ ಬಂದವು. ಕಂಪ್ಯೂಟರಿನಲ್ಲಿ ಚೆಂದ ಕಂಡ ಪುಟದಲ್ಲಿ, ಮೊಬೈಲಿಗೆ ಬಂದಾಗ ಒತ್ತಕ್ಷರಗಳು ಕೆಳಗಿನ ಸಾಲಿನ ನೆತ್ತಿ ತುಳಿಯುತ್ತಿದ್ದವು. ಅಷ್ಟರಲ್ಲಿ 60 ಲೇಖನ ಮುಗಿದಿತ್ತು. ಪೂರ್ತಿ ಕಿತ್ತು ಮತ್ತೆ ಮಾಡಿದ್ದಕ್ಕೆ ಯಾರೂ ಬಿಡಿಗಾಸು ಕೊಡಲಿಲ್ಲ. 9,000 ರೂಪಾಯಿ ನೀರಿಗೆ ಹೋಯಿತು.

ಕಣ್ಣು ತೆರೆಸಿದ್ದು ಬೋರ್ಡೋ ದ್ರಾವಣದ, ಅಂದರೆ ಕೊಳೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿಯ ಕೋಷ್ಟಕ. ಹೊಸನಗರದ ಕಡೆಯ ಬೆಳೆಗಾರರೊಬ್ಬರು ಫೋನು ಮಾಡಿ, "ಸುಣ್ಣದ ಲೆಕ್ಕವೇ ಇಲ್ಲವಲ್ಲ, ಬರೀ ಮೈಲುತುತ್ತ ಹೊಡೆಯುವುದೇ?" ಎಂದರು. ನನಗೆ ಎದೆ ಧಸಕ್ಕೆಂದಿತು. ಸುಣ್ಣವಿಲ್ಲದೆ ಹೊಡೆದರೆ ಅಡಿಕೆ ಗೊನೆ ಸುಟ್ಟೇ ಹೋಗುತ್ತದೆ. ನೋಡಿದರೆ ಸುಣ್ಣದ ಅಂಕಣ ಅವರ ಪರದೆಯಿಂದಾಚೆ ಸರಿದಿತ್ತು. ಅಂದೇ ಕೋಷ್ಟಕ ಕಿತ್ತು ಒಂದೇ ಸಾಲು ಬರೆದೆ: 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ.

ಅಲ್ಲಿಂದ ಮುಂದೆ ನಾನು ಮುಟ್ಟುವುದು ನಾಲ್ಕೇ ಗುಂಡಿ: ಶೀರ್ಷಿಕೆ, ಅಂಕಿಪಟ್ಟಿ, ಕೊಂಡಿ, ಚಿತ್ರ. ಅಂಟಿಸುವುದು ಕಂಟ್ರೋಲ್-ಶಿಫ್ಟ್-ವಿ ಒತ್ತಿ ಮಾತ್ರ, ಆಗ ಅಲಂಕಾರ ಬಿಟ್ಟು ಬರೀ ಅಕ್ಷರ ಬರುತ್ತದೆ. ದಪ್ಪಕ್ಷರವನ್ನೇ ಶೀರ್ಷಿಕೆ ಎಂದು ನಂಬಿಸುವ ಚಟ ಬಿಟ್ಟೆ. ಶೀರ್ಷಿಕೆಗಳ ಮಾತು ಫೋನಿನಲ್ಲಿ ಕೇಳಿದ್ದೇ: "ಕೊಳೆ ಶುರುವಾದ ಮೇಲೆ ಹೊಡೆದರೆ ಉಪಯೋಗವಿದೆಯೇ?"

ಅಂಕಿಪಟ್ಟಿ ಮಾತ್ರ ಮೂರು ರಾತ್ರಿ ನಿದ್ದೆ ಕೆಡಿಸಿತು. ನಡುವೆ ಚಿತ್ರ ಬಂದಲ್ಲೆಲ್ಲ ಎಣಿಕೆ ಮತ್ತೆ 1ಕ್ಕೇ ಬಂದು ನಿಲ್ಲುತ್ತಿತ್ತು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಆಮೇಲೆ ಚಾಕು ಅದ್ದಿ ನೋಡಬೇಕು, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಎಲ್ಲದಕ್ಕೂ 1 ಎಂದಿದ್ದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಯಾವುದನ್ನು ಮೊದಲು ಮಾಡಬೇಕು? ಹಂತದ ಸಾಲು ಮುಗಿದಲ್ಲಿ ಶಿಫ್ಟ್-ಎಂಟರ್ ಒತ್ತಿ ಅದೇ ಹಂತದೊಳಗೆ ಚಿತ್ರ ಕೂರಿಸಿದೆ. ಎಣಿಕೆ ಸರಿಹೋಯಿತು.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಎಚ್ಚರಿಕೆಯ ಮಾತುಗಳಿಗೆಲ್ಲ ಅಡಿಕೆ ಚೊಗರಿನ ಕಡುಗೆಂಪು ಬಣ್ಣದ ಪೆಟ್ಟಿಗೆ ಹಾಕಿದೆ. ಚೊಗರಿನ ಮೇಲೆ ಕಪ್ಪು ಅಕ್ಷರ, ಮನೆಯವಳಿಗೇ ಓದಲಾಗಲಿಲ್ಲ. ಓರೆ ಅಕ್ಷರ ಹಾಕಿ ನೋಡಿದೆ, ಗಾಳಿಗೆ ವಾಲಿದ ತೋಟದಂತೆ ಕಂಡಿತು. ಎರಡನ್ನೂ ಕಿತ್ತೆಸೆದೆ.

ನುಡಿಯಿಂದ ತಿರುಗಿಸುವಾಗ ಅರ್ಕಾವತ್ತು ಕೆಡದಂತೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಹುಡುಕಿ ಬದಲಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಮೊದಲ ಮಳೆಗಾಲದಲ್ಲಿ ಸಂಘಕ್ಕೆ ದಿನಕ್ಕೆ 30-40 ಕರೆ ಬರುತ್ತಿತ್ತು, ಈ ಸಲ 10 ದಾಟಿದ್ದು ಅಪರೂಪ. ಉಳಿದ ಲೇಖನಗಳಿಗೆ ತಲಾ 250 ಕೇಳಿದ್ದೇನೆ. ಕಾರ್ಯದರ್ಶಿಗಳು 200ಕ್ಕೆ ನಿಂತಿದ್ದಾರೆ.